ಚಟ್ನಿಪುಡಿಗೊಂದು ಲೋಗೋ

ಮನೆಯಲ್ಲೇ ಚಟ್ನಿಪುಡಿ ಮಾಡಿ ಮಾರೋರು ಲೋಗೋ ಬೇಕು ಅಂತ ಬಂದ್ರೆ, ತಕ್ಷಣ ಕಂಪ್ಯೂಟರ್ ಮುಂದೆ ಕೂರಬೇಡಿ. "ಅಮ್ಮಾ, ಗಿರಾಕಿಗಳು ನಿಮ್ಮ ಪುಡೀನ ಏನಂತ ಕೇಳ್ತಾರೆ?" ಅನ್ನಿ. ಬಣ್ಣದ ಮಾತು ಆಮೇಲೆ.

ಕನ್ನಡ ಅಕ್ಷರ ದಪ್ಪ ಮಾಡುವಾಗ ಹುಷಾರು. ಸಣ್ಣ ಪ್ಯಾಕೆಟ್ ಮೇಲೆ 'ಟ್ನಿ'ಯ ಒತ್ತಕ್ಷರಕ್ಕೆ ಇಂಕ್ ತುಂಬಿ, ಬರೀ ಕಪ್ಪು ಚುಕ್ಕೆ ಆಗಿಬಿಡುತ್ತೆ. ಒಂದೇ ಬಣ್ಣದಲ್ಲಿ, ಪ್ಯಾಕೆಟ್ಟಿನ ಅಳತೆಗೇ ಪ್ರಿಂಟ್ ತೆಗೆದು ಅವರ ಕೈಗೆ ಕೊಡಿ. ಮೊಬೈಲಲ್ಲಿ ಕಳಿಸಿದ್ರೆ ಎಲ್ಲಾ ಚೆನ್ನಾಗೇ ಕಾಣುತ್ತೆ ಬಿಡಿ!

ಲೇಬಲ್ಲಿನಲ್ಲಿ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರಿಗೂ ಜಾಗ ಇರಲಿ. ಅಂಗಡಿ ಬೋರ್ಡ್ ಆದ್ರೆ, ಕರ್ನಾಟಕದಲ್ಲಿ ಶೇ. 60ರಷ್ಟು ಕನ್ನಡ ಕಡ್ಡಾಯ.

ಹೆಸರು ಫೈನಲ್ ಮಾಡೋ ಮುಂಚೆ ಟ್ರೇಡ್‌ಮಾರ್ಕ್ ವೆಬ್‌ಸೈಟಿನಲ್ಲಿ 30ನೇ ವರ್ಗದಲ್ಲಿ ಹುಡುಕಿ. ಚಟ್ನಿ, ಮಸಾಲೆ ಬರೋದು ಅಲ್ಲೇ.