ರಂಜನೆಯ ಹಾದಿಯಲ್ಲಿ ಎರಡು ಕಾದಂಬರಿಗಳು

ವಿಜ್ಞಾನಕಥೆ, ಅದ್ಭುತಕಥೆಗಳ ಓದುಗರು ಬದುಕಿಗೆ ಬೆನ್ನು ಹಾಕುತ್ತಾರೆಂಬ ಮಾತುಂಟು. ನಾನದನ್ನು ಒಪ್ಪಲಾರೆ. ರಂಜನೆಗೆಂದೇ ಓದಬಹುದಾದ ಎರಡು ಇಂಗ್ಲಿಷ್ ಕಾದಂಬರಿಗಳನ್ನು ಇಲ್ಲಿ ಸೂಚಿಸುತ್ತೇನೆ.

ಮೊದಲನೆಯದು ಎಚ್. ಜಿ. ವೆಲ್ಸ್ ಅವರ ‘ದಿ ಟೈಮ್ ಮೆಷೀನ್’ (1895). ಕಾಲಯಂತ್ರವೇರಿದ ಪ್ರವಾಸಿ ಕ್ರಿ. ಶ. 8,02,701ರಲ್ಲಿ ಇಳಿದಾಗ ಮನುಷ್ಯಕುಲ ಎರಡಾಗಿ ಒಡೆದಿರುತ್ತದೆ: ನೆಲದ ಮೇಲೆ ಹಣ್ಣು ತಿಂದು ನಲಿಯುವ ಸುಕುಮಾರರು, ನೆಲದಡಿಯ ಕತ್ತಲಲ್ಲಿ ಯಂತ್ರ ನಡೆಸುವವರು. ಇರುಳಾದರೆ ಕೆಳಗಿನವರು ಮೇಲಿನವರನ್ನು ಬೇಟೆಯಾಡುತ್ತಾರೆ. ರೋಮಾಂಚನ ಇಳಿದ ಮೇಲೆ, ಈ ಒಡಕು ವೆಲ್ಸರ ಕಾಲದ ಒಡೆಯರು ಮತ್ತು ದುಡಿಯುವವರ ನಡುವಿನದೇ ಎಂಬುದು ಹೊಳೆಯುತ್ತದೆ.

ಎರಡನೆಯದು ಅರ್ಸುಲಾ ಲ ಗ್ವಿನ್ ಅವರ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ (1968). ಗೆಡ್ ಎಂಬ ಎಳೆಯ ಮಾಂತ್ರಿಕ ಜಂಬದಿಂದ ಕರಾಳ ನೆರಳೊಂದನ್ನು ಲೋಕಕ್ಕೆ ಬಿಟ್ಟುಬಿಡುತ್ತಾನೆ. ಅಲ್ಲಿ ಯಾವುದನ್ನು ಗೆಲ್ಲಬೇಕಾದರೂ ಅದರ ನಿಜವಾದ ಹೆಸರು ತಿಳಿದಿರಬೇಕು. ನೆರಳಿನ ಹೆಸರನ್ನು ಹೇಳಿ ನಿಮ್ಮ ಓದಿನ ಸವಿಯನ್ನು ಕೆಡಿಸಲಾರೆ. ಇಷ್ಟು ಮಾತ್ರ ಹೇಳಬಲ್ಲೆ: ಪುಸ್ತಕ ಮುಚ್ಚಿದವರು ಮರಳುವುದು ತಮ್ಮ ಬದುಕಿಗೇ.