ಅಜ್ಜಿಗೂ ಮೊಮ್ಮಗಳಿಗೂ ನಡುವೆ ದುಭಾಷಿ ಯಾಕೆ?

ಕಳೆದ ರಜೆಯಲ್ಲಿ ಊರಿನ ಮನೆಗೆ ಹೋಗಿದ್ದೆವು. ಏಳು ವರ್ಷದ ಮಗಳು ಅಜ್ಜಿಯ ಪಕ್ಕ ಕೂತು ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಅಜ್ಜಿ ಬ್ಯಾರಿಯಲ್ಲಿ ಉತ್ತರ ಕೊಟ್ಟರು. ಆಮೇಲೆ ಇಬ್ಬರೂ ನಮ್ಮ ಮುಖ ನೋಡಿದರು. ನಾವು ದುಭಾಷಿಗಳು! ಆಗ ನಗು ಬಂತು, ರಾತ್ರಿ ಮಲಗುವಾಗ ಸಂಕಟವಾಯಿತು. ತಪ್ಪು ಮಗುವಿನದ್ದಲ್ಲ. ಶಾಲೆಗೆ ಸೇರಿಸುವ ಮೊದಲೇ ಮನೆಯಲ್ಲಿ ಇಂಗ್ಲಿಷ್ ಶುರು ಮಾಡಿದವರು ನಾವೇ.

ನಾವು ಸಣ್ಣವರಿದ್ದಾಗ 'ಇದು ನಮ್ಮ ಸಂಸ್ಕೃತಿ' ಅಂತ ಯಾರೂ ಕೂರಿಸಿ ಪಾಠ ಮಾಡಿದ್ದಿಲ್ಲ. ಮನೆಗೆ ಬಂದವರಿಗೆ ಮೊದಲು ಸಲಾಂ, ಮತ್ತೆ ಮಾತು. ಬಿಸ್ಮಿ ಹೇಳಿ ಬಲಗೈಯಲ್ಲಿ ಊಟ. ಪತ್ತಿರ್ ಮಾಡಿದ ದಿನ ಪಕ್ಕದ ಮನೆಗೂ ಒಂದು ತಟ್ಟೆ ಹೋಗಲೇಬೇಕು, ಒಯ್ಯುವ ಕೆಲಸ ನಮ್ಮದು. ನೆರೆಹೊರೆ ಎಂದರೆ ಎಂತ ಎಂದು ಆ ತಟ್ಟೆ ಹಿಡಿದು ನಡೆದೇ ಕಲಿತೆವು. ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ ಅಕ್ಷರ. ಯಾರ ಹತ್ತಿರ ಯಾವ ಭಾಷೆ ಎಂಬುದು ನಾಲಿಗೆಗೇ ಗೊತ್ತಿತ್ತು.

ಅಮೆರಿಕದ ಚಿಂತಕ ಜಾರ್ಜ್ ಹರ್ಬರ್ಟ್ ಮೀಡ್ ವಿವರಿಸಿದ್ದು ಇದನ್ನೇ. ಅವರು ತೀರಿಹೋದ ಮೇಲೆ, 1934ರಲ್ಲಿ, ಅವರ ಪಾಠಗಳು 'ಮೈಂಡ್, ಸೆಲ್ಫ್ ಆ್ಯಂಡ್ ಸೊಸೈಟಿ' ಎಂಬ ಪುಸ್ತಕವಾಗಿ ಬಂದವು. 'ನಾನು' ಎಂಬ ಅರಿವು ಮಗುವಿನ ಜೊತೆ ಹುಟ್ಟಿ ಬರುವುದಿಲ್ಲ, ಇತರರ ಜೊತೆ ಬೆರೆತು ಬೆಳೆಯುತ್ತದೆ ಎಂದರು ಮೀಡ್. ಮಗು ಮೊದಲು ಉಮ್ಮನಾಗಿ, ಅಂಗಡಿಯವನಾಗಿ ಆಡುತ್ತದೆ. ಆಮೇಲೆ ತಂಡದ ಆಟಕ್ಕೆ ಇಳಿದಾಗ ಎಲ್ಲರ ಪಾತ್ರವನ್ನೂ ತಲೆಯಲ್ಲಿ ಇಟ್ಟುಕೊಳ್ಳಲು ಕಲಿಯುತ್ತದೆ. ಹೀಗೆ ಬೇರೆಯವರ ಕಣ್ಣಿನಿಂದ ತನ್ನನ್ನು ನೋಡಿಕೊಳ್ಳುತ್ತಾ ತಾನು ಯಾರೆಂದು ತಿಳಿಯುತ್ತದೆ.

ನಮ್ಮ ಮಗಳ ಆಟ ನೋಡಿದೆವು. ಗೊಂಬೆಗಳಿಗೆ ಟೀಚರ್ ಆದಾಗ ಇಂಗ್ಲಿಷ್. ಉಮ್ಮನಾದಾಗ ಕಿವಿಗೆ ಫೋನು, 'ಒಂದು ನಿಮಿಷ, ಆಮೇಲೆ' ಎಂಬ ಮಾತು! ಅಜ್ಜಿಯ ಪಾತ್ರವೇ ಇಲ್ಲ. ಮಾತೇ ಅರ್ಥವಾಗದವರ ಪಾತ್ರ ಮಾಡುವುದು ಹೇಗೆ ಹೇಳಿ? ಅಜ್ಜಿಯ ಕಣ್ಣಿನಲ್ಲಿ ತಾನು ಯಾರು ಎಂಬುದೂ ಅವಳಿಗೆ ಸಿಗಲಿಲ್ಲ.

2007ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಶುರುವಾಯಿತು. 2011ರ ಸಾಲಿನಲ್ಲಿ 'ಬ್ಯಾರಿ' ಚಲನಚಿತ್ರಕ್ಕೆ ಶ್ರೇಷ್ಠ ಚಿತ್ರದ ರಾಷ್ಟ್ರಪ್ರಶಸ್ತಿಯೂ ಬಂತು. ಹೆಮ್ಮೆಯ ಸಂಗತಿಯೇ. ಆದರೆ ನಮ್ಮ ಅಡುಗೆಮನೆಗೆ ಬಂದು ಮಗುವಿನ ಹತ್ತಿರ ಮಾತಾಡಲು ಅಕಾಡೆಮಿಗೆ ಆದೀತೇ? ಅದು ನಮ್ಮದೇ ಕೆಲಸ.

ಇಂಗ್ಲಿಷ್ ಬೇಡ ಎನ್ನುತ್ತಿಲ್ಲ, ನಾಳೆಯ ಅನ್ನಕ್ಕೆ ಅದು ಬೇಕು. ನಾವು ಮಾಡಿದ್ದಿಷ್ಟೆ: ರಾತ್ರಿ ಊಟದ ಹೊತ್ತಿಗೆ ಬ್ಯಾರಿ ಮಾತ್ರ, ಫೋನು ದೂರ. ಶುಕ್ರವಾರ ಅಜ್ಜಿಗೆ ಕರೆ ಮಾಡಿ ಮಗಳ ಕೈಗೆ ಕೊಟ್ಟು ನಾವು ಎದ್ದು ಹೋಗುತ್ತೇವೆ. ಮೊದಮೊದಲು 'ಹಾಂ, ಹೂಂ' ಅಷ್ಟೆ ಇತ್ತು. ಮೊನ್ನೆ ಆ ಕಡೆಯಿಂದ ಅಜ್ಜಿ ನಗುವುದು ಕೇಳಿತು, ಈ ಕಡೆ ಮಗಳೂ ನಗುತ್ತಿದ್ದಳು. ಎಂತಕ್ಕೆ ಅಂತ ಕೇಳಿದರೆ ಇಬ್ಬರೂ ಹೇಳಲಿಲ್ಲ.