ಆಪರೇಷನ್ ಆಗಿ ಮನೆಗೆ ಬಂದವರಿಗೆ ವಾಂತಿಯಾದರೆ



ಯಾವಾಗಲೂ ಬೀಜ, ಗೊಬ್ಬರ, ಕೀಟಗಳ ವಿಷಯ ಹೇಳುವ ನಾನು ಇಂದು ಮನೆಯೊಳಗಿನ ಒಂದು ಮಾತು ಹೇಳುತ್ತೇನೆ. ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದವರಿಗೆ ಹೊಟ್ಟೆ ತೊಳಸಿ ವಾಂತಿಯಾದರೆ ಏನು ಮಾಡಬೇಕು ಅಂತ.

ನಮ್ಮಣ್ಣನಿಗೆ ಹರ್ನಿಯಾ ಆಪರೇಷನ್ ಆಯಿತು. ಮಾರನೆಯ ದಿನ ಬಸ್ಸಿನಲ್ಲಿ ಊರಿಗೆ ಕರೆತಂದೆ. ಸೊರಗಿದ ಮಗನನ್ನು ಕಂಡು ಅಮ್ಮ ಬಿಸಿ ಮುದ್ದೆ, ಖಾರದ ಸಾರು ಬಡಿಸಿದರು. ಉಂಡ ಅರ್ಧ ಗಂಟೆಗೆ ಎಲ್ಲ ಹೊರಗೆ ಬಂತು. "ನೀರು ಕುಡಿಸಬೇಡಪ್ಪ, ಗಾಯ ಕೀವಾಗುತ್ತೆ" ಎಂದರು ಹಿರಿಯರು. ರಾತ್ರಿಯೆಲ್ಲ ವಾಂತಿ, ಗುಟುಕು ನೀರಿಲ್ಲ. ಬೆಳಗಾಗುವಷ್ಟರಲ್ಲಿ ನಾಲಿಗೆ ಒಣಗಿ, ಮೂತ್ರ ನಿಂತು, ಮತ್ತೆ ಆಸ್ಪತ್ರೆ, ಮತ್ತೆ ಗ್ಲೂಕೋಸ್ ಬಾಟ್ಲಿ. ಏನು ಕೊಡಬೇಕು, ಏನು ಕೂಡದು ಎಂದು ಬರೆದುಕೊಟ್ಟ ಚೀಟಿ ನನ್ನ ಜೇಬಿನಲ್ಲೇ ಇತ್ತು. ಔಷಧಿ ಡಬ್ಬಿಯ ಮೇಲಿನ ಚೀಟಿ ಓದಿ ಸಿಂಪಡಿಸಿ ಎಂದು ಊರೂರಿಗೆ ಹೇಳುವ ನಾನೇ ಅದನ್ನು ಓದಿರಲಿಲ್ಲ!

ಹೀಗೇಕಾಗುತ್ತದೆ? ಅರಿವಳಿಕೆ ಮದ್ದು ಮತ್ತು ನೋವಿನ ಕೆಲವು ಬಲವಾದ ಔಷಧಿಗಳು ಮಿದುಳಿನಲ್ಲಿ ವಾಂತಿ ಹುಟ್ಟಿಸುವ ಭಾಗವನ್ನು ಕೆಣಕುತ್ತವೆ. ಕರುಳೂ ಮಂದವಾಗಿರುತ್ತದೆ. ಹೆಂಗಸರಿಗೆ, ಬಸ್ಸಿನಲ್ಲಿ ವಾಂತಿಯಾಗುವ ಸ್ವಭಾವದವರಿಗೆ ಇದು ಹೆಚ್ಚು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ.

ಮೆಣಸಿನ ಸಸಿ ನಾಟಿ ಮಾಡಿದ ದಿನವೇ ಬುಡಕ್ಕೆ ಗೊಬ್ಬರ ಸುರಿಯುತ್ತೀರಾ? ಇಲ್ಲ. ಬೇರು ಕಚ್ಚುವ ತನಕ ಹದವಾಗಿ ನೀರು ಕೊಡುತ್ತೀರಿ. ಇಲ್ಲಿಯೂ ಹಾಗೆಯೇ.

ವಾಂತಿಯಾದ ಮೇಲೆ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಹೊಟ್ಟೆಗೆ ವಿಶ್ರಾಂತಿ ಕೊಡಿ. ಬಳಿಕ 5 ನಿಮಿಷಕ್ಕೊಮ್ಮೆ ಒಂದೆರಡು ಚಮಚ ಕಾಯಿಸಿ ಆರಿಸಿದ ನೀರು. ಅದು ನಿಂತರೆ ಓ.ಆರ್.ಎಸ್. ನೀರನ್ನು ಗುಟುಕು ಗುಟುಕಾಗಿ ಕೊಡಿ. ಪೊಟ್ಟಣ ಸಿಗದಿದ್ದರೆ 1 ಲೀಟರ್ ನೀರಿಗೆ ಸಮಮಟ್ಟದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಸಾಕು. ಉಪ್ಪು ಹೆಚ್ಚಾಗಬಾರದು. ಆಮೇಲೆ ತೆಳು ಗಂಜಿ, ಇಡ್ಲಿ. ಮುದ್ದೆ, ಖಾರ, ಕರಿದದ್ದು ಸ್ವಲ್ಪ ತಡವಾಗಲಿ. ಕರುಳಿನ ಆಪರೇಷನ್ ಆದವರು, ಸಕ್ಕರೆ ಕಾಯಿಲೆ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರು ಹೇಳಿದಂತೆಯೇ ನಡೆಯಬೇಕು.

ವಾಂತಿ ಬರುವಾಗ ಎಬ್ಬಿಸಿ ಕೂರಿಸಿ, ಇಲ್ಲವೇ ಪಕ್ಕಕ್ಕೆ ಹೊರಳಿಸಿ. ಅಂಗಾತ ಮಲಗಿದ್ದರೆ ಅದು ಶ್ವಾಸಕೋಶಕ್ಕೆ ಇಳಿದೀತು. ಹೊಟ್ಟೆಯ ಗಾಯವಾದರೆ ಮೇಲೊಂದು ದಿಂಬು ಮೆತ್ತಗೆ ಒತ್ತಿ ಹಿಡಿಯಿರಿ. ಒಗ್ಗರಣೆ ಘಾಟು, ಬೀಡಿ ಹೊಗೆ ದೂರವಿರಲಿ. ನುಂಗಿದ ಮಾತ್ರೆ ವಾಂತಿಯಲ್ಲಿ ಬಂದರೆ ನೀವಾಗಿಯೇ ಇನ್ನೊಂದು ಕೊಡಬೇಡಿ. ಆಸ್ಪತ್ರೆಗೆ ಫೋನು ಮಾಡಿ ಕೇಳಿ. ವಾಂತಿ ತಡೆಯುವ ಮಾತ್ರೆ ಬರೆದಿದ್ದರೆ ಹೊತ್ತಿಗೆ ಸರಿಯಾಗಿ ಕೊಡಿ.

ಯಾವಾಗ ಕಾಯಬಾರದು? ಗುಟುಕು ನೀರೂ ನಿಲ್ಲದಿದ್ದರೆ, 8 ಗಂಟೆಯಾದರೂ ಮೂತ್ರ ಬಾರದಿದ್ದರೆ, ವಾಂತಿಯಲ್ಲಿ ರಕ್ತ, ಕಾಫಿ ಗಸಿಯಂಥದ್ದು ಅಥವಾ ಹಸಿರು ಬಣ್ಣ ಕಂಡರೆ, ಹೊಟ್ಟೆ ಉಬ್ಬಿ ಗಾಳಿ ಹೋಗದಿದ್ದರೆ, ಜ್ವರ, ತಡೆಯಲಾರದ ನೋವು, ಮಂಪರು ಇದ್ದರೆ, ಗಾಯ ಬಿಚ್ಚಿಕೊಂಡರೆ. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎನ್ನದೆ 108ಕ್ಕೆ ಕರೆ ಮಾಡಿ.

ಕೊನೆಯ ಮಾತು: ಆಸ್ಪತ್ರೆಯ ಚೀಟಿಯನ್ನು ಜೇಬಿಗೆ ಹಾಕುವ ಮುಂಚೆ ಅಲ್ಲಿಯೇ ಓದಿಸಿಕೊಳ್ಳಿ. ತಿಳಿಯದ್ದನ್ನು ನರ್ಸಮ್ಮನವರನ್ನು ಕೇಳಿ. ಮನೆಗೆ ಬಂದು ಅಡಿಗೆ ಮಾಡುವವರಿಗೂ ಓದಿ ಹೇಳಿ.